ಜೂನಿಯ ಸೂಜಿ, ಕೊರಿನ್‌ಳ ಕಲಿಕೆ

ಪಕ್ಕದ ಮನೆಯಲ್ಲಿ ಜೂನಿ ಕಿರುಚಿದಳೆಂದರೆ ಊಟದ ಹೊತ್ತಾಯಿತು ಅಂತ ನಮ್ಮ ಬೀದಿಗೆಲ್ಲ ತಿಳಿಯುತ್ತಿತ್ತು. ಏಳು ವರ್ಷದ ಕೂಸಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚದೆ ಊಟ ಹಾಕುವಂತಿಲ್ಲ. ಅಮ್ಮ ಲೊರೆಟಾ ಅವಳನ್ನು ಅವುಚಿ ಹಿಡಿಯುತ್ತಿದ್ದಳು, ಅಪ್ಪ ವೆಂಡಲ್ ಚುಚ್ಚುತ್ತಿದ್ದ. ಮಗು ಒದ್ದಾಡಿ ಔಷಧಿ ಹೊರಗೇ ಚೆಲ್ಲಿಹೋಗುತ್ತಿತ್ತು. ಕೊನೆಗೊಂದು ಸಂಜೆ ಏದುಸಿರು ಬಿಡುತ್ತಾ ಕಣ್ಣು ತೇಲಿಸಿ ಬಿದ್ದಳು. ಆಸ್ಪತ್ರೆಯವರು ಹೇಗೋ ಉಳಿಸಿದರು. ಇನ್ನೊಮ್ಮೆ ಹೀಗಾದರೆ ಕಷ್ಟ ಅಂದರು.

ಅಲ್ಲಿಯ ಮಕ್ಕಳ ಮನಶ್ಶಾಸ್ತ್ರ ವಿಭಾಗಕ್ಕೆ ಹೋಗಿ ಅಂತಲೂ ಹೇಳಿದರು. ನೋಡುವವಳು ಕೊರಿನ್, ಇನ್ನೂ ತರಬೇತಿಯಲ್ಲಿರುವವಳು. ವೆಂಡಲ್ ಸಿಟ್ಟಿನಿಂದ ನಮ್ಮನೆಗೆ ಬಂದ. ನಾನು ಮಾರ್ವಾ, ಶಾಲೆಯ ನರ್ಸು.

"ನನ್ನ ಮಗಳಿಗೇನು ಹುಚ್ಚಾ ಮಾರ್ವಾ? ಅದೂ ಕಲಿಯೋ ಹುಡುಗಿ ಕೈಗೆ ಕೊಡ್ತಾರಂತೆ!"

"ಹುಚ್ಚಲ್ಲ ಮಾರಾಯ, ಹೆದರಿಕೆ. ಕಾಯಿಲೆ ಮಕ್ಕಳ ಹೆದರಿಕೆ ಬಿಡಿಸೋದನ್ನೇ ಅವಳು ವರ್ಷಗಟ್ಟಲೆ ಓದ್ತಿರೋದು. ನೀನೇನು ಕರೆಂಟ್ ಕಂಬ ಹತ್ತೋದನ್ನ ತಾಯಿ ಹೊಟ್ಟೇಲೇ ಕಲ್ತು ಬಂದ್ಯಾ?"

"ಕೆಳಗೆ ಹಳಬ ಲೈನ್‌ಮನ್ ನಿಂತಿರ್ತಿದ್ದ."

"ಇವಳ ಹಿಂದೇನೂ ಹಳಬರು ಇರ್ತಾರೆ. ಹೋಗಿ ನೋಡು, ಆಮೇಲೆ ಬೇಕಾದ್ರೆ ಬೇಡ ಅನ್ನು."

ಲೊರೆಟಾ ಕರೆದಳೆಂದು ನಾನೂ ಹೋದೆ. ಕೊರಿನ್ ಜೂನಿಯನ್ನು ಒಂದು ಕೋಣೆಗೆ ಕರೆದೊಯ್ದಳು. ಅದರ ಗಾಜಿನ ಗೋಡೆಯ ಈಚೆ ಅವಳ ಗುರು ಡಾಕ್ಟರ್ ಹ್ಯಾಡ್ಲಿ ಕೂತಿದ್ದರು. ನಮ್ಮನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಕೊರಿನ್ ಸೂಜಿ ತೋರಿಸಿ, "ಇದು ನೋಯೋದೇ ಇಲ್ಲ ಪುಟ್ಟಿ" ಅಂದಳು. ಜೂನಿ ಮೂಲೆಗೆ ಓಡಿದಳು. ಹ್ಯಾಡ್ಲಿ ತಕ್ಷಣ ಕೊರಿನ್‌ಳನ್ನು ಹೊರಗೆ ಕರೆದರು. "ನೋಯುತ್ತೆ ಕಣಮ್ಮ. ನಿಜ ಹೇಳು."

ಕೊರಿನ್ ಮುಖ ಕೆಂಪಾಯಿತು. ಒಳಗೆ ಹೋಗಿ ನೆಲದ ಮೇಲೆ ಕೂತಳು. "ತಪ್ಪು ಹೇಳಿದೆ ಜೂನಿ. ಸ್ವಲ್ಪ ನೋಯುತ್ತೆ. ನಿಂಗೆ ಎಲ್ಲಕ್ಕಿಂತ ಜಾಸ್ತಿ ಭಯ ಯಾವುದು?"

"ಎಣಿಸೋದು. ಅಪ್ಪ ಮೂರಕ್ಕೆ ಚುಚ್ತೀನಿ ಅಂತಾನೆ, ಎರಡಕ್ಕೇ ಚುಚ್ತಾನೆ."

ಗಾಜಿನ ಈಚೆ ವೆಂಡಲ್ ತಲೆ ತಗ್ಗಿಸಿದ. ಇಲ್ಲಿ ಅಮೆರಿಕದ ಕ್ಯಾನ್ಸಸ್‌ನಲ್ಲಿ ಅಪ್ಪಂದಿರೆಲ್ಲ ಮಾಡುವುದೇ ಹಾಗೆ. ಮಗು ಮೈ ಬಿಗಿಹಿಡಿಯುವ ಮೊದಲೇ ಮುಗಿಯಲಿ ಅಂತ. ಮುಗಿಯುತ್ತಿದ್ದದ್ದು ಮಗುವಿನ ನಂಬಿಕೆ.

"ಈ ಹುಡುಗೀನೇ ನೋಡ್ಲಿ," ಅಂದ ವೆಂಡಲ್. "ತಪ್ಪಿದ್ರೆ ತಿದ್ದೋರಿದ್ದಾರೆ."

ಕೆಲವು ವಾರ ಜೂನಿ ಗೊಂಬೆಗೆ ಚುಚ್ಚಿದಳು, ನಿಧಾನ ಉಸಿರು ಬಿಡುವುದು ಕಲಿತಳು. ಎಣಿಸುವ ಕೆಲಸ ಅವಳದೇ ಆಯಿತು. ಮನೆಯಲ್ಲಿ ತಾನೇ ಎಣಿಸಿದ ಮೊದಲ ಸಲ ನಾನೂ ಅಲ್ಲಿದ್ದೆ. "ಒಂದು, ಎರಡು" ಅಂದು ನಿಂತೇಬಿಟ್ಟಳು. ತಟ್ಟೆಯಲ್ಲಿದ್ದ ಮ್ಯಾಕರೋನಿ ಆರಿತು. ವೆಂಡಲ್ ಸೂಜಿ ಹಿಡಿದೇ ಇದ್ದ. ಈ ಮಗು ಮೂರು ಅನ್ನದೇ ಹೋದರೆ ಗತಿಯೇನು ಅಂತ ನನಗೆ ಚಿಂತೆ. ಅವನು ಕಾದ.

"ಮೂರು," ಅಂದಳು ಅಳುತ್ತಲೇ. ಆಗಲೇ ಅವನು ಚುಚ್ಚಿದ್ದು. ಯಾರೂ ಅವಳನ್ನು ಹಿಡಿದಿರಲಿಲ್ಲ.

ಅಪ್ಪ ಅಮ್ಮಂದಿರೇ, ನಿಮ್ಮ ಮಗುವನ್ನು ನೋಡಲು ಕಲಿಯುತ್ತಿರುವವರು ಬಂದರೆ ಬಾಗಿಲು ಹಾಕಬೇಡಿ. ನಿಮ್ಮ ಗುರು ಯಾರು, ಅವರ ಹತ್ತಿರ ಮಾತಾಡಬಹುದೇ ಅಂತ ಧೈರ್ಯವಾಗಿ ಕೇಳಿ. ಇವತ್ತು ಇವರು ಕಲಿಯದಿದ್ದರೆ ನಾಳೆ ನಮ್ಮ ಮಕ್ಕಳಿಗೆ ಯಾರಿದ್ದಾರೆ? ಔಷಧಿ ಮನೆಯಲ್ಲೇ ಇದ್ದು, ಬರೀ ಹೆದರಿಕೆಯಿಂದ ಒಂದು ಮಗುವಿನ ಜೀವ ಹೋಗಬಾರದು.