ಕಿಟಕಿಗೆ ಕೇಳುವ ಆಟ

ಮನೆಗಳ ಹಿಂದೆ ಪಾಳು ಬಿದ್ದಿದ್ದ ಟೆನಿಸ್ ಅಂಗಳಕ್ಕೆ ಹೊಸ ಗೆರೆ ಎಳೆದು ಪಿಕಲ್‌ಬಾಲ್ ಕೋರ್ಟು ಮಾಡಿದಾಗ, ಇದೆಂಥ ಉಪ್ಪಿನಕಾಯಿ ಆಟ ಎಂದು ಮೂಗು ಮುರಿದವರೇ ತಿಂಗಳೊಪ್ಪತ್ತಿನಲ್ಲಿ ಪ್ಯಾಡಲ್ ಎಂಬ ಅದರ ಚಪ್ಪಟೆ ಬ್ಯಾಟು ಹಿಡಿದು ಸಾಲುಗಟ್ಟಿದರು. ಹಲ್ಲಿನ ಡಾಕ್ಟರು, ಅವರ ಮಾವ, ಮೊಮ್ಮಕ್ಕಳನ್ನು ಆಡಿಸುವ ಅಜ್ಜಿಯರು, ಎಲ್ಲರೂ. ಮೂರನೇ ಮಹಡಿಯ ದರ್ಜಿಯೂ ಹೋದಳು. ಹಗಲೆಲ್ಲ ಹೊಲಿಗೆ ಯಂತ್ರದ ಮೇಲೆ ಬಗ್ಗಿದ ಬೆನ್ನಿಗೆ ಸಂಜೆಯ ಆ ಆಟ ಹಿತವಾಗಿತ್ತು.

ಗಂಡ ರೇಡಿಯೋ ರಿಪೇರಿಯವನು. ಕಿಟಕಿ ಪಕ್ಕದ ಮೇಜೇ ಅವನ ಅಂಗಡಿ. ಅವಳು ಹೊಸ್ತಿಲು ದಾಟುವುದು ಅವನಿಗೆ ಎಂದೂ ಸೇರದು. ಬೇಡ ಎನ್ನುತ್ತಾನೆಂದು ಕಾದಳು; ಅನ್ನಲಿಲ್ಲ. ಅದೇ ಅವಳಿಗೆ ಸರಿ ಕಾಣಲಿಲ್ಲ.

ಒಮ್ಮೆ ಊಟಕ್ಕೆ ಕೂತಾಗ ಕೇಳಿದ, "ಇವತ್ತು ಆಟ ಅರ್ಧಕ್ಕೆ ಬಿಟ್ಟು ಯಾರ ಜೊತೆ ಮಾತಾಡ್ತಿದ್ದೆ?"

ಕಿಟಕಿಯಿಂದ ಕೋರ್ಟು ಕಾಣದು, ನೀರಿನ ಟ್ಯಾಂಕು ಅಡ್ಡ.

"ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ಪ್ಯಾಡಲ್ ಒಳಗಿನ ಪದರ ಎಲ್ಲೋ ಬಿಟ್ಕೊಂಡಿದೆ. ಮಂದವಾಗಿ ಬಡಿಯುತ್ತೆ. ಎಷ್ಟು ಜನ ಆಡ್ತಿದ್ರೂ ನಿಂದು ಯಾವುದು ಅಂತ ನಂಗೆ ತಿಳಿಯುತ್ತೆ."

ನಗುತ್ತಲೇ ಹೇಳಿದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ನೀರು ಕುಡಿಯಲು ನಿಂತರೂ ಮನೆಯಲ್ಲಿ ಜವಾಬು ಕೊಡಬೇಕಾಯಿತು. ಜೊತೆಗೆ ಆಡುವ ಟೀಚರಮ್ಮ ತಮ್ಮದೊಂದು ಒಳ್ಳೆಯ ಪ್ಯಾಡಲ್ ಕೊಟ್ಟರು. ಮರುದಿನ ಅದರ ಹಿಡಿ ಮುರಿದಿತ್ತು. "ಕೈಜಾರಿ ಬಿತ್ತು," ಅಂದ ಗಂಡ. ಹಳೆಯದನ್ನು ಒರೆಸಿ ಬಾಗಿಲ ಬಳಿ ಇಟ್ಟಿದ್ದ.

ಅವಳು ಟೀಚರಮ್ಮನ ಮುಂದೆ ಮೊದಲ ಸಲ ಬಾಯಿಬಿಟ್ಟಳು, ಮುಂಗೈ ಮೇಲೆ ಅವನ ಹಿಡಿತದ ಕಲೆಯನ್ನೂ ತೋರಿಸಿದಳು. ಅವರು ಕೈ ಚಾಚಿದರು.

"ನಿನ್ನ ಪ್ಯಾಡಲ್ ಇಲ್ಲಿ ಕೊಡು. ನಾನು ಆಡ್ತಾ ಇರ್ತೀನಿ. ನೀನು ಹೊರಡು."

ಆಟದ ಬೂಟಿನಲ್ಲೇ, ನೀರಿನ ಬಾಟಲಿಯೊಂದನ್ನೇ ಹಿಡಿದು ಹಿಂದಿನ ಗೇಟಿನಿಂದ ಹೊರಬಿದ್ದು ಅಕ್ಕನ ಊರಿನ ಬಸ್ಸು ಹತ್ತಿದಳು. ಬಸ್ಸು ಹೊರಡುವವರೆಗೂ ಬೆನ್ನ ಹಿಂದೆ ಮಂದ ಸದ್ದು ನಿಲ್ಲದೆ ಕೇಳುತ್ತಿತ್ತು.

ಅಕ್ಕ ಬಾಗಿಲು ತೆರೆದವಳು ಏನೂ ಕೇಳದೆ ಒಳಗೆ ಕರೆದುಕೊಂಡಳು. ಸ್ವಲ್ಪದರಲ್ಲೇ, ಹೊರಡುವಾಗ ಕೊಟ್ಟಿದ್ದ ಅಕ್ಕನ ನಂಬರಿಗೆ ಟೀಚರಮ್ಮನ ಫೋನು ಬಂತು.

"ನಿನ್ನ ಯಜಮಾನರೇ ಕೆಳಗಿಳಿದು ಬಂದ್ರು ಕಣಮ್ಮ. ನನ್ನ ಕೈಲಿದ್ದ ಪ್ಯಾಡಲ್ ನೋಡಿದ್ರು."

"ಕೂಗಾಡಿದ್ರಾ?"

"ಇಲ್ಲ. ಚೆನ್ನಾಗಿ ಆಡ್ತೀರಿ ಅಂದ್ರು. ನಿಮ್ಮಕ್ಕನ ಊರಿನ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಕೇಳಿದ್ರು."

ಅಕ್ಕ ಅಗುಳಿ ಹಾಕಿ ಭಾವನಿಗೆ ಫೋನು ಮಾಡಿದಳು. ಭಾವ ಪೊಲೀಸರನ್ನು ಕರೆದುಕೊಂಡೇ ಮನೆಗೆ ಬಂದ. ಗಂಡ ಆಗಲೇ ರಸ್ತೆಯಾಚೆ ನಿಂತಿದ್ದ. ಪೊಲೀಸರು ಗದರಿದರೆ ಕೈಮುಗಿದು, ತಲೆಯಾಡಿಸಿ ಹೋದ.

"ಏನಂದ?" ಅಕ್ಕ ಕೇಳಿದಳು.

"ಅವಸರ ಇಲ್ಲ, ಇನ್ನೊಮ್ಮೆ ಬರ್ತೀನಿ ಅಂದ," ಅಂದ ಭಾವ.

ಅವಳು ಹಿಂದಿರುಗಲಿಲ್ಲ. ಮರುದಿನ ಅಕ್ಕನ ಹೊಲಿಗೆ ಯಂತ್ರವನ್ನು ಕಿಟಕಿಯಿಲ್ಲದ ಒಳಕೋಣೆಗೆ ಎಳೆದುಕೊಂಡು ಕೂತಳು.