ಪರದೆಯ ಹಿಂದಿನ ಬಿಸಿ

ದೇವರ ಬಿಸಿಲು ಮೋಡದೊಳಗೆ ಸೇರಿದಂದಿನಿಂದ ದರ್ಜಿಯ ಮನೆಯಲ್ಲಿ ಹೀಟರ್ ಆರಿರಲಿಲ್ಲ. ಮೀಟರು ಓಡುತ್ತಲೇ ಇತ್ತು. ಆದರೂ ಅವನ ತಾಯಿಯ ಕೈ ಮಂಜುಗಡ್ಡೆ. ಮುದುಕಿಯ ಎದೆ ಮೊದಲೇ ಸೋತಿತ್ತು. ಚಳಿ ತಾಗಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಹೋಗಿದ್ದರು.

ಹಣ್ಣಿನ ಶೈತ್ಯಾಗಾರದಲ್ಲಿ ದುಡಿಯುವ ದರ್ಜಿಯ ಅಕ್ಕ ತಾಯಿಯನ್ನು ನೋಡಲು ಬಂದಳು. ಒಳಗೆ ಬಂದರೂ ಶಾಲು ತೆಗೆಯಲಿಲ್ಲ.

“ಏನೋ ಇದು? ನಮ್ಮ ಗೋದಾಮೇ ವಾಸಿ!”

“ಇನ್ನೊಂದು ಹೀಟರ್ ತರ್ತೀನಿ ಬಿಡಕ್ಕ.”

“ಸೋರೋದು ಎಲ್ಲಿ ಅಂತ ನೋಡದೆ ತುಂಬ್ತಾನೇ ಇರ್ತೀಯಾ? ಊರವರ ಮೈಯೆಲ್ಲಾ ಅಳೀತೀಯ, ನಿನ್ನ ಮನೆ ಅಳತೆ ತೆಗೆದಿದ್ದೀಯಾ?”

“ಗೋಡೆಗೂ ಅಂಗಿ ಹೊಲೀಬೇಕಾ?” ದರ್ಜಿಯ ಹೆಂಡತಿ ಕಿಸಕ್ಕನೆ ನಕ್ಕಳು.

“ಹೂಂ ಮತ್ತೆ! ಗೋಡೆ, ಸೂರು, ಗಾಜು, ಎಲ್ಲದರ ಉದ್ದ ಅಗಲ ಹಿಡಿ. ಅಗಲ ಇದ್ದಷ್ಟೂ ಶಾಖ ಹೊರಗೆ. ಗಾಜಿನಂಥ ತೆಳು ಜಾಗದಲ್ಲಿ ಇನ್ನೂ ಜಾಸ್ತಿ. ಹೊರಗೆ ಚಳಿ ಹೆಚ್ಚಿದಷ್ಟೂ ಓಟ ಜೋರು. ಹೋದಷ್ಟನ್ನೂ ಹೀಟರೇ ತುಂಬಬೇಕು. ಮೀಟರು ಓಡೋದು ಅದಕ್ಕೇ.”

“ಗಾಜಿಗೆ ಪರದೆ ಇದೆಯಲ್ಲಕ್ಕ!” ದರ್ಜಿ ಕಿಟಕಿಯತ್ತ ಕೈ ತೋರಿಸಿದ.

ಅಮ್ಮನಿಗೆಂದೇ ಅವನು ಹೊಲಿದ ಪರದೆ ಅದು. ಎರಡು ಪದರದ ದಪ್ಪ ಬಟ್ಟೆ, ನೆಲಕ್ಕೆ ತಾಗುವಷ್ಟು ಉದ್ದ. ಕಿಟಕಿಯ ಕೆಳಗೆ ಗೋಡೆಗೆ ಬಿಗಿದ ಹೀಟರೂ ಅದರ ಹಿಂದೆಯೇ ಮುಚ್ಚಿಹೋಗಿತ್ತು.

ಅಕ್ಕ ಒಂದೆಳೆ ದಾರವನ್ನು ಅಮ್ಮನ ಮಂಚದ ಬಳಿ ಹಿಡಿದಳು. ಅಲುಗಲಿಲ್ಲ. ಪರದೆಯ ಹಿಂದೆ ಹಿಡಿದಳು. ಮೇಲೇಳುವ ಬಿಸಿಗಾಳಿಗೆ ದಾರ ಕುಣಿಯತೊಡಗಿತು.

“ಕೈ ಹಾಕಿ ನೋಡೋ.”

ದರ್ಜಿ ಕೈ ಹಾಕಿದ. ಒಲೆಯ ಬಾಯಿಯಂತೆ ಬಿಸಿ. ಅಷ್ಟೂ ಗಾಜಿನ ಮೂಲಕ ಬೀದಿಗೆ.

“ಅಮ್ಮನಿಗೆ ಅಂತ ಹೊಲಿದೆನಲ್ಲಕ್ಕ... ಬೀದಿ ಕಾಯಿಸಿದೆ.”

ಕತ್ತರಿ ತಂದು ಪರದೆಯನ್ನು ಕಿಟಕಿಯ ಕೆಳಗಿನ ಅಂಚಿಗೆ ಸರಿಯಾಗಿ ಕತ್ತರಿಸಿದ; ಹೀಟರ್ ಕೋಣೆಯತ್ತ ತೆರೆದುಕೊಂಡಿತು. ಉಳಿದ ತುಂಡನ್ನು ಸುರುಳಿ ಮಾಡಿ ಹೊಲಿದು ಬಾಗಿಲ ಸಂದಿಗೆ ಒತ್ತಿದ. ಸಂಜೆಯ ಹೊತ್ತಿಗೆ ಕೋಣೆ ಹದವಾಯಿತು; ಹೀಟರನ್ನು ತಗ್ಗಿಸಿದರು. ಅಮ್ಮ ಕೌದಿಯಿಂದ ಕೈ ಹೊರಗಿಟ್ಟಳು.

“ಬಿಸಿಲು ಬಂತೇನೋ, ಮಗಾ?”

“ಹೂಂ ಅಮ್ಮ, ಬಂತು.”

ಆದರೆ ಆ ಎದೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಮೋಡ ಸರಿಯುವ ಮೊದಲೇ ಭಗವಂತ ಅವಳನ್ನು ಕರೆದುಕೊಂಡ. ಕೋಣೆ ಈಗಲೂ ಬೆಚ್ಚಗಿದೆ. ದರ್ಜಿ ಆ ಖಾಲಿ ಮಂಚದ ಕಡೆ ನೋಡುವುದಿಲ್ಲ.

ಓದುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಚಳಿಗೆ ನಡುಗುವ ಜೀವವೊಂದು ಇರಬಹುದು. ಇನ್ನೊಂದು ಹೀಟರ್ ತರುವ ಮೊದಲು ಮನೆಯ ಅಳತೆ ತೆಗೆಯಿರಿ. ಪರದೆಯ ಹಿಂದೆ, ಬಾಗಿಲ ಸಂದಿಯಲ್ಲಿ ಕೈಯಿಟ್ಟು ನೋಡಿ. ಇವತ್ತೇ ನೋಡಿ, ಆ ಜೀವ ಇನ್ನೂ ಮಂಚದ ಮೇಲಿರುವಾಗಲೇ.