ಅಪ್ಪನ ಮಿಷಿನ್ನಿನ ಮೊದಲ ಮೊಳ

ತಿರುಪ್ಪೂರಿನ ಮುತ್ತುವೇಲಪ್ಪ ಗೌಂಡರ ಬನಿಯನ್ ಬಟ್ಟೆಯ ಮಿಲ್ಲಿನಲ್ಲಿ ಹನ್ನೆರಡು ಹೆಣಿಗೆ ಮಿಷಿನ್ನುಗಳಿದ್ದವು. ಹನ್ನೊಂದು ದುಡಿಯುತ್ತಿದ್ದವು, ಒಂದಕ್ಕೆ ಪೂಜೆ ನಡೆಯುತ್ತಿತ್ತು. ಅದು ಗೌಂಡರ ಅಪ್ಪ ಯಾವನೋ ದಿವಾಳಿಯೆದ್ದವನಿಂದ ಕೊಂಡ ಮುದಿ ಮಿಷಿನ್ನು. ಯಾವ ಆರ್ಡರ್ ಬಂದರೂ ಮೊದಲ ಮೊಳ ಬಟ್ಟೆ ಅದರಲ್ಲೇ ಹೆಣೆದು ದೇವರ ಕೋಣೆಗೆ ಹೋಗಬೇಕು. ಆಮೇಲಷ್ಟೇ ಉಳಿದವುಗಳ ಸ್ವಿಚ್ಚು ಒತ್ತುವುದು.

ಯಾವ ಮಿಷಿನ್ನಿಗೆ ಯಾವತ್ತು ಯಾವ ಕೆಲಸ ಎಂದು ಹಂಚುವವನು ಕದಿರ್ವೇಲು. ಯಾವುದು ಸೂಜಿ ಮುರಿದುಕೊಳ್ಳುತ್ತದೆ, ಯಾವುದು ಎಣ್ಣೆ ಸೋರಿ ನಿಲ್ಲುತ್ತದೆ, ಕರೆಂಟು ಯಾವಾಗ ಕೈಕೊಡುತ್ತದೆ, ಎಲ್ಲಕ್ಕೂ ಅವನ ಹಂಚಿಕೆಯಲ್ಲಿ ಬಿಡುವಿತ್ತು. ತನ್ನಂಥ ಬುದ್ಧಿವಂತ ನೊಯ್ಯಲ್ ಹೊಳೆಯ ಎರಡೂ ದಡದಲ್ಲಿಲ್ಲ ಎಂದುಕೊಂಡಿದ್ದ. ಮುದಿ ಮಿಷಿನ್ನು ಕೆಡಬಹುದು ಎಂದು ಮಾತ್ರ ಎಲ್ಲೂ ತೋರಿಸುವಂತಿರಲಿಲ್ಲ. ತೋರಿಸಿದರೆ ಅಪಶಕುನವಂತೆ.

ಮಂಗಳವಾರ ಹೊಸ ಆರ್ಡರ್ ಶುರುವಾಗುವ ಹೊತ್ತಿಗೆ ಅದರ ಮೋಟಾರೇ ಸುಟ್ಟುಹೋಯಿತು. ಶನಿವಾರ ಲಾರಿ ತೂತ್ತುಕುಡಿ ಬಂದರಿಗೆ ಹೊರಡಬೇಕು. ಹೋದ ಸಲ ತಡವಾದಾಗಲೇ ಗೌಂಡರು, ಇನ್ನೊಮ್ಮೆ ಹೀಗಾದರೆ ನಿನ್ನ ಚಪ್ಪಲಿ ಗೇಟಿನಾಚೆ ಎಂದಿದ್ದರು.

“ಮೋಟಾರು ಕೊಯಮತ್ತೂರಿಗೆ ಹೋಗಿದೆ, ಅಯ್ಯಾ. ಬರೋದು ಶುಕ್ರವಾರ. ಉಳಿದವನ್ನ ಶುರು ಮಾಡ್ಲಾ?” ಎಂದ ಕದಿರ್ವೇಲು.

“ನಮ್ಮಪ್ಪನ್ನ ಬಿಟ್ಟು ಊಟಕ್ಕೆ ಎಲೆ ಹಾಕ್ತೀಯೇನೋ?” ಎಂದರು ಗೌಂಡರು.

“ಅಪ್ಪ ಕೊಯಮತ್ತೂರಲ್ಲಿ ರಿಪೇರಿಗೆ ಬಿದ್ದಿದ್ದಾರಲ್ಲ,” ಎಂದಳು ಬಟ್ಟೆ ತಪಾಸಣೆಯ ಪಳನಿಯಮ್ಮ, ತಟ್ಟುವಡೆ ಕಡಿಯುತ್ತ. ಗೌಂಡರಿಗೆ ಆ ಕಡೆಯ ಕಿವಿ ಮಂದ.

ಹನ್ನೊಂದು ಗಟ್ಟಿಮುಟ್ಟು ಮಿಷಿನ್ನುಗಳು ಸುಮ್ಮನೆ ನಿಂತಿದ್ದವು. ಅವುಗಳ ನಡುವೆ ಮಿಲ್ಲಿನವರೆಲ್ಲ ‘ಮಾಪ್ಪಿಳ್ಳೈ’ ಎನ್ನುವ ಗೌಂಡರ ಅಳಿಯ ಸುಂದರಪಾಂಡಿ ಇಸ್ತ್ರಿ ಪಂಚೆಯಲ್ಲಿ ಅಡ್ಡಾಡುತ್ತಿದ್ದ. ಮದುವೆಯಾದಾಗಿನಿಂದ ಅವನು ಮಿಲ್ಲಿನಲ್ಲಿ ಮಾಡಿದ ಕೆಲಸ ಅದೊಂದೇ.

“ಮಾಮಾ, ಇವನ ಪ್ಲಾನೇ ಸರಿ ಇಲ್ಲ. ಪ್ಲಾನ್ ನೆಟ್ಟಗಿದ್ರೆ ಮಿಷಿನ್ ಯಾಕೆ ಕೆಡತ್ತೆ?”

ಗೌಂಡರು ತಲೆದೂಗಿದರು. ಇಂಥ ತಲೆಗೆ ಅಂಥ ಅಳಿಯನೇ ಸಿಗಬೇಕು ಎಂದುಕೊಂಡ ಕದಿರ್ವೇಲು, ಮುಖ ಮಾತ್ರ ಪ್ರಸಾದಕ್ಕೆ ನಿಂತವನಂತೆ ಇಟ್ಟುಕೊಂಡ.

“ಅಯ್ಯಾ, ಕೆಟ್ಟಿರೋದು ಮೋಟಾರು ಮಾತ್ರ. ತಿರುಗಿಸೋ ಹಿಡಿ ಇದೆ. ಕರೆಂಟು ಇಲ್ಲದಾಗ ನಿಮ್ಮಪ್ಪ ದೊಡ್ಡಯ್ಯ ಕೈಯಲ್ಲೇ ತಿರುಗಿಸ್ತಿದ್ರು ಅಂತ ನೀವೇ ಹೇಳಿದ್ರಲ್ಲ. ಮನೆಯವರ ಕೈ ಬಿದ್ರೆ ಇನ್ನೂ ಶ್ರೇಷ್ಠ.”

ಆ ಕತೆಯನ್ನು ಗೌಂಡರು ಬಂದವರಿಗೆಲ್ಲ ಹೇಳಿದ್ದರು, ಈಗ ನುಂಗುವಂತಿರಲಿಲ್ಲ. ತಮ್ಮ ಮಂಡಿ ಸವರಿಕೊಂಡು ಅಳಿಯನ ಕಡೆ ನೋಡಿದರು.

ಸುಂದರಪಾಂಡಿ ಪಂಚೆ ಎತ್ತಿ ಕಟ್ಟಿ ಹಿಡಿಗೆ ಕೈಹಾಕಿದ. ಸ್ವಲ್ಪ ಹೊತ್ತಿಗೇ ಏದುಸಿರು ಬಂತು, ಪಂಚೆ ಎಣ್ಣೆಯಾಯಿತು.

“ಮಾಪ್ಪಿಳ್ಳೈ, ಇನ್ನೂ ಬೆರಳಗಲ ಬಂದಿಲ್ಲ. ಅತ್ತೆ ಮನೇಲಿ ಊಟ ಹಾಕಲ್ವಾ?” ಎಂದಳು ಪಳನಿಯಮ್ಮ.

ಅಂತೂ ಒಂದು ಮೊಳ ಬಂತು. ಅಳಿಯ ತನ್ನ ಮೊಳಕೈಯಿಂದ ಅಳೆದು, ಸೊಂಟ ಹಿಡಿದು ಕೂತ. ಗೌಂಡರು ಬಟ್ಟೆ ಎತ್ತಿ ನೋಡಿದರು.

“ಇದು ನಿನ್ನ ಮೊಳ. ನಮ್ಮಪ್ಪನ ಕೈ ಉದ್ದ. ಇನ್ನೊಂದು ಗೇಣು ತಿರುಗಿಸಪ್ಪಾ.”

ಮಧ್ಯಾಹ್ನಕ್ಕೆ ಹನ್ನೊಂದು ಮಿಷಿನ್ನುಗಳೂ ಶುರುವಾದವು. ಶನಿವಾರ ಲಾರಿ ಹೊರಟಿತು, ಕದಿರ್ವೇಲುವಿನ ಚಪ್ಪಲಿ ಗೇಟಿನೊಳಗೇ ಉಳಿಯಿತು. ಅಪ್ಪನ ಮಿಷಿನ್ನೇ ಮಾನ ಉಳಿಸಿತು ಎಂದು ಗೌಂಡರು ಅದಕ್ಕೆ ಹಾರ ಹಾಕಿದರು. ಇನ್ನು ಮುಂದೆ ಪ್ರತಿ ಮೊದಲ ಮೊಳವೂ ಅಳಿಯನ ಕೈಯಿಂದಲೇ ಎಂದೂ ಸಾರಿದರು. ಕದಿರ್ವೇಲುವಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಮುಂದಿನ ಆರ್ಡರ್ ಹಂಚಲು ಕೂತಾಗ ಅವನು ಪಳನಿಯಮ್ಮನನ್ನು ಕರೆದ.

“ಅಕ್ಕಾ, ಮಾಪ್ಪಿಳ್ಳೈ ಸೊಂಟ ಯಾವತ್ತು ಸರಿಹೋಗತ್ತಂತೆ, ಕೇಳ್ಕೊಂಡು ಬಾ. ಅದಕ್ಕೂ ಬಿಡುವು ಇಡಬೇಕು.”

ಅವಳು ಹೋಗಿ ಬಂದಳು.

“ಶುಕ್ರವಾರವಂತೆ. ಅದನ್ನೂ ಕೊಯಮತ್ತೂರಿಗೇ ಕಳಿಸಿದ್ದಾರೆ.”